ಒದ್ದೆ ಎಲೆಗೂ ಕಪ್ಪೆಯ ಬೆನ್ನಿಗೂ ಹೊಂದುವ ಬೆಳಕು: ಮ್ಯಾಕ್ರೋ ಫ್ಲ್ಯಾಶಿಗೆ ಮನೆಯಲ್ಲೇ ಮಾಡುವ ಡಿಫ್ಯೂಸರ್

ಕೊಡಗಿನ ಕಾಫಿ ತೋಟದಲ್ಲಿ ಹುಳ-ಹುಪ್ಪಟೆಗಳ ಮ್ಯಾಕ್ರೋ, ಅಂದರೆ ಅತಿ ಹತ್ತಿರದ, ಚಿತ್ರ ತೆಗೆಯುವವರಿಗೆ ಎರಡು ತೊಡಕು ಒಟ್ಟಿಗೇ ಎದುರಾಗುತ್ತವೆ. ಸಿಲ್ವರ್ ಓಕ್ ನೆರಳು, ಮೋಡ, ಮಳೆ ಎಲ್ಲ ಸೇರಿ ಬೆಳಕು ಸಾಲದು. ಫ್ಲ್ಯಾಶ್ ಇಲ್ಲದೆ ಕೆಲಸ ನಡೆಯುವುದಿಲ್ಲ. ಅದೇ ಮಳೆಯಿಂದಾಗಿ ಎಲೆ, ತೊಗಟೆ, ಕಪ್ಪೆ, ಜೀರುಂಡೆ ಎಲ್ಲವೂ ಒದ್ದೆ. ಫ್ಲ್ಯಾಶ್ ಹೊಡೆದರೆ ಹನಿಹನಿಯಲ್ಲೂ ಕಣ್ಣು ಕುಕ್ಕುವ ಬಿಳಿ ಚುಕ್ಕೆ. ಕಾಯಿಕೊರಕ ಜೀರುಂಡೆಯಂಥ ಒಂದೂವರೆ-ಎರಡು ಮಿ.ಮೀ. ಉದ್ದದ ಹೊಳೆಯುವ ಕರಿ ಹುಳದ ಚಿತ್ರ ತೆಗೆದು ಕೀಟ ಗುರುತಿಸುವವರಿಗೆ ಕಳಿಸಿದರೆ, ಅವರಿಗೆ ಬೇಕಾದ ಬೆನ್ನಿನ ವಿವರವೆಲ್ಲ ಆ ಬಿಳಿಯಲ್ಲಿ ಮುಳುಗಿಹೋಗಿರುತ್ತದೆ.

ಇದಕ್ಕೆ ಮದ್ದು, ಫ್ಲ್ಯಾಶಿನ ಬೆಳಕನ್ನು ಹರಡಿ ಮೃದುಗೊಳಿಸುವ ಡಿಫ್ಯೂಸರ್. ಆದರೆ ಫ್ಲ್ಯಾಶಿನ ಮೂತಿಗೆ ಬಿಳಿ ಪ್ಲಾಸ್ಟಿಕ್ ಮುಚ್ಚಳ ಸಿಕ್ಕಿಸಿದರೆ ಡಿಫ್ಯೂಸರ್ ಆಯಿತು ಎನ್ನುವುದು ತಪ್ಪು ತಿಳಿವಳಿಕೆ. ಬೆಳಕು ಮೃದುವಾಗುವುದು ಬಿಳಿ ಹಾಳೆಯ ಮೂಲಕ ಹಾದುಬಂದದ್ದಕ್ಕಲ್ಲ, ಹುಳದ ಕಣ್ಣಿಗೆ ಬೆಳಕಿನ ಮೂಲ ದೊಡ್ಡದಾಗಿ ಕಂಡದ್ದಕ್ಕೆ. ಸಾಮಾನ್ಯ ಫ್ಲ್ಯಾಶಿನ ಮೂತಿ 7.5 ಸೆಂ.ಮೀ. ಅಗಲ, 5 ಸೆಂ.ಮೀ. ಎತ್ತರ. ಅದು ಕ್ಯಾಮೆರಾದ ತಲೆಯ ಮೇಲಿದ್ದರೆ ಹುಳದಿಂದ ಸುಮಾರು 25 ಸೆಂ.ಮೀ. ದೂರ. ಮುಚ್ಚಳ ಹಾಕಿದ ಮೇಲೂ ಅಷ್ಟೇ ಗಾತ್ರ, ಅಷ್ಟೇ ದೂರ. ಬೆಳಕು ಒಂದಿಷ್ಟು ಪೋಲಾದದ್ದು ಬಿಟ್ಟರೆ ಏನೂ ಬದಲಾಗಲಿಲ್ಲ. ಅದರ ಬದಲು 20 ಸೆಂ.ಮೀ. ಅಗಲದ ಹಾಳೆಯನ್ನು ಹುಳದಿಂದ ಹತ್ತು ಸೆಂ.ಮೀ. ದೂರಕ್ಕೆ ತಂದು, ಅದರ ಉದ್ದಗಲಕ್ಕೂ ಸಮನಾಗಿ ಬೆಳಕು ತುಂಬಿಸಿದರೆ ಹುಳದ ಪಾಲಿಗೆ ಅದು ಮೋಡ ಕವಿದ ಆಕಾಶ. ಹೊಳಪು ಆಗಲೂ ಇರುತ್ತದೆ. ಆದರೆ ಚುಕ್ಕೆಯಾಗಿ ಸುಡುವ ಬದಲು ಹರಡಿಕೊಂಡು ಮಂಕಾಗುತ್ತದೆ, ಅಡಿಯ ಬಣ್ಣ ಕಾಣುತ್ತದೆ.

ಹಾಗಾಗಿ ಮುಂದಿನ ಪ್ರತಿ ಹೆಜ್ಜೆಯೂ ಮೂರು ಮಾತಿಗೆ ಬದ್ಧ: ಹಾಳೆ ದೊಡ್ಡದಿರಬೇಕು, ಹತ್ತಿರವಿರಬೇಕು, ಎಲ್ಲ ಕಡೆ ಒಂದೇ ಸಮ ಬೆಳಗಬೇಕು. ಕೊಡಗಿನಲ್ಲಿ ನಾಲ್ಕನೆಯದೂ ಒಂದಿದೆ: ಮಳೆಗೆ ನೆನೆದರೂ ಕೆಡಬಾರದು. ಟ್ರೇಸಿಂಗ್ ಪೇಪರ್, ರಟ್ಟು, ಬಿಳಿ ಅಂಟಿನಿಂದ ಮಾಡಿದ ಡಿಫ್ಯೂಸರ್ ಬಯಲುಸೀಮೆಯಲ್ಲಿ ವರ್ಷಗಟ್ಟಲೆ ಬಾಳಬಹುದು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಒಂದು ಸಂಜೆಗೇ ಹಪ್ಪಳದಂತೆ ಸುಕ್ಕುಗಟ್ಟುತ್ತದೆ.

ಆಕಾರಕ್ಕೆ ಹೋಲಿಕೆ ಬೇಕಿದ್ದರೆ, ನಾಟಿ ಗದ್ದೆಯಲ್ಲಿ ಬಗ್ಗಿ ಕೆಲಸ ಮಾಡುವವರು ತಲೆ-ಬೆನ್ನು ಮುಚ್ಚುವಂತೆ ಹಾಕಿಕೊಳ್ಳುವ ಗೊರಬೆಯನ್ನು ನೆನೆಯಿರಿ. ಫ್ಲ್ಯಾಶಿನ ಮೂತಿಯಿಂದ ಹೊರಟು, ಲೆನ್ಸಿನ ಮೇಲೆ ಬಾಗಿ, ಹುಳದ ನೆತ್ತಿಯ ಹತ್ತಿರಕ್ಕೆ ಚಾಚುವ ಒಂದು ಗೊರಬೆ. ಒಳಗೆ ಬೆಳ್ಳಿ ಹಾಳೆ, ಕೆಳಮುಖದಲ್ಲಿ ಬಿಳಿ ಪರದೆ.

ಬೇಕಾಗುವ ಸಾಮಾನು

ಕಪ್ಪು ಫೋಮ್ ಶೀಟ್, 2 ಮಿ.ಮೀ. ದಪ್ಪ, ಎ4 ಗಾತ್ರ, ಮೂರು. ಮಕ್ಕಳ ಕ್ರಾಫ್ಟ್ ಸಾಮಾನು ಮಾರುವ ಯಾವ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತದೆ. ಬಿಳಿಯದೂ ನಡೆಯುತ್ತದೆ, ಆದರೆ ಬಿಳಿ ಫೋಮಿನ ಮೂಲಕ ಬೆಳಕು ಹೊರಗೆ ಸೋರುತ್ತದೆ, ರಾತ್ರಿ ಅದು ನೇರ ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ಮಿನುಗು ಪುಡಿ ಹಚ್ಚಿದ ಶೀಟ್ ಬೇಡ.

ಪ್ಯಾಕಿಂಗ್ ಫೋಮ್: ಹೊಸ ಟಿವಿಗೆ, ಮಿಕ್ಸಿಗೆ ಸುತ್ತಿ ಬರುವ, ಮುಟ್ಟಿದರೆ ಮೆತ್ತಗಿರುವ ತೆಳು ಬಿಳಿ ಹಾಳೆ. ಸುಮಾರು 1 ಮಿ.ಮೀ. ದಪ್ಪದ್ದು, ಎರಡು ಎ4ನಷ್ಟು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿದರೆ ದುಡ್ಡಿಲ್ಲದೆ ಕೊಡುತ್ತಾರೆ. ನೀರು ಹೀರದು, ಹರಿಯದು, ಹಳದಿಯಾಗಲು ಬಹಳ ಕಾಲ ಬೇಕು. ಇಡೀ ಡಿಫ್ಯೂಸರಿನಲ್ಲಿ ಇದಕ್ಕಿಂತ ಬೆಲೆಬಾಳುವ ಭಾಗ ಇನ್ನೊಂದಿಲ್ಲ, ಆದರೂ ಇದು ಪುಕ್ಕಟೆ ಸಿಗುತ್ತದೆ.

ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಒಂದು ಮೀಟರ್. ರಬ್ಬರ್ ಸಲ್ಯೂಷನ್ ಮಾದರಿಯ ಅಂಟು, ಚಪ್ಪಲಿ ಅಂಟಿಸಲು ಬಳಸುವಂಥದು, ಸಣ್ಣ ಟ್ಯೂಬ್ ಒಂದು. 2 ಸೆಂ.ಮೀ. ಅಗಲದ ವೆಲ್ಕ್ರೋ, ಒಂದೂವರೆ ಮೀಟರ್. ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಅಗ್ಗ. ಕಪ್ಪು ಇನ್ಸುಲೇಷನ್ ಟೇಪ್. ಮುರಿದ ಕೊಡೆಯ ಎರಡು ಕಡ್ಡಿ. ಮಳೆಗಾಲ ಕಳೆದ ಮೇಲೆ ಕೊಡಗಿನಲ್ಲಿ ಇದಕ್ಕೆ ಬರವಿರುವ ಮನೆ ಇರಲಾರದು. ಅಳೆಯಲು ಒಂದು ಹಳೆಯ ರಟ್ಟಿನ ಪೆಟ್ಟಿಗೆ, ಸ್ಕೇಲು, ಚೂಪಾದ ಬ್ಲೇಡು. ಎಲ್ಲ ಸೇರಿ ಇನ್ನೂರು ರೂಪಾಯಿಯ ಆಸುಪಾಸು.

ಫೆವಿಕಾಲ್‌ನಂಥ ಬಿಳಿ ಅಂಟು ಬೇಡ: ಫೋಮಿಗೆ ಸರಿಯಾಗಿ ಹಿಡಿಯುವುದಿಲ್ಲ, ಹಿಡಿದದ್ದೂ ನೀರಿಗೆ ಬಿಡುತ್ತದೆ. ಡಬಲ್ ಟೇಪ್ ಅಳತೆ ನೋಡುವಾಗ ತಾತ್ಕಾಲಿಕವಾಗಿ ಅಂಟಿಸಲು ಮಾತ್ರ. ಥಂಡಿಗೆ ಒಂದೇ ವಾರದಲ್ಲಿ ಬಿಚ್ಚಿಕೊಳ್ಳುತ್ತದೆ.

ಅಳತೆ ಕ್ಯಾಮೆರಾದಿಂದಲೇ ತೆಗೆಯಬೇಕು

ಇನ್ನೊಬ್ಬರ ಅಳತೆಗೆ ಕತ್ತರಿಸಿದರೆ ಹೊಂದುವುದು ಅಪರೂಪ. ಫ್ಲ್ಯಾಶಿನ ಎತ್ತರ, ಲೆನ್ಸಿನ ಉದ್ದ ಒಬ್ಬೊಬ್ಬರದು ಒಂದೊಂದು. ಫ್ಲ್ಯಾಶ್ ಹಾಕಿದ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು, ಲೆನ್ಸನ್ನು 1:1ಕ್ಕೆ (ಹುಳ ತನ್ನ ನಿಜ ಗಾತ್ರದಲ್ಲೇ ಸೆನ್ಸರಿನ ಮೇಲೆ ಮೂಡುವ ಹಂತಕ್ಕೆ) ತಿರುಗಿಸಿ, ಪಕ್ಕಕ್ಕೆ ರಟ್ಟು ನಿಲ್ಲಿಸಿ ನಾಲ್ಕು ಚುಕ್ಕೆ ಗುರುತಿಸಿ: ಫ್ಲ್ಯಾಶ್ ಮೂತಿಯ ಮೇಲಂಚು, ಕೆಳಂಚು, ಲೆನ್ಸ್ ತುದಿಯ ಮೇಲಂಚು, ನಾಲ್ಕನೆಯದು ಲೆನ್ಸಿನ ತುದಿಯಿಂದ 10 ಸೆಂ.ಮೀ. ಮುಂದೆ, 6 ಸೆಂ.ಮೀ. ಮೇಲೆ. ನಾಲ್ಕನ್ನೂ ಗೆರೆಯಿಂದ ಕೂಡಿಸಿದರೆ ಪಕ್ಕದ ಗೋಡೆಯ ಆಕಾರ ಸಿಕ್ಕಿತು. ನಾಲ್ಕನೆಯ ಚುಕ್ಕೆಯ ದೂರ ನಿಮ್ಮ ಲೆನ್ಸಿಗೆ ತಕ್ಕಂತೆ ಬದಲಾಗಬೇಕು. 100 ಎಂಎಂ ಮ್ಯಾಕ್ರೋ ಲೆನ್ಸುಗಳಲ್ಲಿ 1:1ರಲ್ಲಿ ಹುಳ ಲೆನ್ಸಿನ ತುದಿಯಿಂದ ಸುಮಾರು 13 ಸೆಂ.ಮೀ. ದೂರವಿರುತ್ತದೆ. ರೇನಾಕ್ಸ್ ಡಿಸಿಆರ್-250 ಥರದ ಎಂಟು ಡಯಾಪ್ಟರ್ (ಮಸೂರದ ಶಕ್ತಿಯ ಅಳತೆ) ಕ್ಲೋಸಪ್ ಲೆನ್ಸನ್ನು ಮುಂದೆ ಸಿಕ್ಕಿಸಿದರೆ ಹನ್ನೆರಡರ ಹತ್ತಿರ. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸನ್ನು ತಿರುವುಮುರುವಾಗಿ ಹಾಕುವವರಿಗೆ ನಾಲ್ಕೈದು ಸೆಂ.ಮೀ. ಮಾತ್ರ, ಅವರ ಗೊರಬೆ ಲೆನ್ಸಿನಿಂದ ಮೂರು ಸೆಂ.ಮೀ.ಗಿಂತ ಮುಂದೆ ಚಾಚಬಾರದು. ಹುಳಕ್ಕಿಂತ ಮುಂದಕ್ಕೆ ಚಾಚಿದರೆ ಬೆಳಕು ಹುಳದ ಬೆನ್ನ ಹಿಂದಿನಿಂದ ಬೀಳುತ್ತದೆ, ಮುಖ ಕತ್ತಲಾಗುತ್ತದೆ.

ದೊಡ್ಡ ಫ್ಲ್ಯಾಶ್, 12 ಸೆಂ.ಮೀ. ಉದ್ದದ 100 ಎಂಎಂ ಮ್ಯಾಕ್ರೋ ಲೆನ್ಸ್ ಇದ್ದವರು ಈ ಅಳತೆಯಿಂದ ಆರಂಭಿಸಬಹುದು:

ಮೇಲ್ಛಾವಣಿ: ಹಿಂದೆ 8, ಮುಂದೆ 20 ಸೆಂ.ಮೀ. ಅಗಲ, ಉದ್ದ 18.8. ಒಂದು ಶೀಟಿಗೆ ಇದೊಂದೇ.

ತಳ: ಹಿಂದೆ 8, ಮುಂದೆ 13 ಸೆಂ.ಮೀ. ಅಗಲ, ಉದ್ದ 11.4. ತಳ ಕತ್ತರಿಸಿದ ಶೀಟಿನಲ್ಲೇ ಫ್ಲ್ಯಾಶಿನ ಮೂತಿಗೆ ಸುತ್ತುವ ಪಟ್ಟಿ, 28 ಸೆಂ.ಮೀ. ಉದ್ದ, 4 ಅಗಲ.

ಪಕ್ಕದ ಗೋಡೆ, ಎರಡು: 18 ಸೆಂ.ಮೀ. ಅಗಲ, 14 ಎತ್ತರದ ಆಯತ ಎಳೆಯಿರಿ. ಎಡ ಅಂಚಿನಲ್ಲಿ ತಳದಿಂದ 9 ಸೆಂ.ಮೀ. ಮೇಲೆ ಒಂದು ಚುಕ್ಕೆ, ಎಡ ಮೇಲ್ಮೂಲೆಯಲ್ಲಿ ಒಂದು, ಬಲ ಅಂಚಿನಲ್ಲಿ ತಳದಿಂದ 6 ಸೆಂ.ಮೀ. ಮೇಲೆ ಒಂದು, ತಳದ ಗೆರೆಯಲ್ಲಿ ಎಡದಿಂದ 7.4 ಸೆಂ.ಮೀ.ಗೆ ಒಂದು. ನಾಲ್ಕನ್ನೂ ಸರದಿಯಲ್ಲಿ ಕೂಡಿಸಿ ಕತ್ತರಿಸಿ. ಎರಡೂ ಗೋಡೆ ಒಂದೇ ಎ4ನಲ್ಲಿ ಹಿಡಿಸುತ್ತವೆ.

ಸ್ವಂತ ಅಳತೆ ತೆಗೆದವರು ಒಂದು ಮಾತು ನೆನಪಿಡಿ. ಗೋಡೆಗಳು ಮುಂದಕ್ಕೆ ಹೋದಂತೆ ಹೊರಕ್ಕೆ ಅಗಲುವುದರಿಂದ, ರಟ್ಟಿನ ಮೇಲೆ ಬಂದ ಅಡ್ಡ ಅಳತೆಗೆ ನೂರಕ್ಕೆ ಆರರಷ್ಟು ಸೇರಿಸಬೇಕು, 17 ಸೆಂ.ಮೀ. ಇದ್ದದ್ದು 18 ಆಗುತ್ತದೆ. ಎತ್ತರ ಹಾಗೇ ಇರಲಿ. ಇದನ್ನು ಮರೆತರೆ ಅಂಟಿಸುವಾಗ ಛಾವಣಿ ಗೋಡೆಗಿಂತ ಉದ್ದವಾಗಿ ಉಳಿಯುತ್ತದೆ.

ಜೋಡಣೆ

ಮೊದಲು ಫಾಯಿಲ್. ತುಂಡನ್ನು ಮುದ್ದೆ ಮಾಡಿ, ಮತ್ತೆ ಬಿಡಿಸಿ, ಅಂಗೈಯಿಂದ ಚಪ್ಪಟೆ ಮಾಡಿ, ಮಂಕು ಮಗ್ಗುಲು ಮೇಲೆ ಬರುವಂತೆ ನಾಲ್ಕೂ ಫೋಮ್ ತುಂಡುಗಳ ಒಳಮೈಗೆ ಅಂಟಿಸಿ. ನಯವಾದ ಫಾಯಿಲ್ ಕನ್ನಡಿಯಂತೆ ಬೆಳಕನ್ನು ಒಂದೇ ಕಡೆಗೆ ತಿರುಗಿಸುತ್ತದೆ, ಸುಕ್ಕುಗಟ್ಟಿದ್ದು ಚೆದುರಿಸುತ್ತದೆ. ಛಾವಣಿಗೆ ಇದು ಮುಖ್ಯ, ಏಕೆಂದರೆ ಫ್ಲ್ಯಾಶಿನ ಬೆಳಕು ನೇರ ಮುಂದಕ್ಕೆ ಹಾರಿ ಇಳಿಜಾರಾದ ಛಾವಣಿಗೆ ಬಡಿದು ಅಲ್ಲಿಂದ ಕೆಳಗೆ ಬೀಳುತ್ತದೆ. ಫಾಯಿಲ್ ಅಂಚಿನಿಂದ 5 ಮಿ.ಮೀ. ಒಳಗೇ ನಿಲ್ಲಲಿ, ಅಂಚಿನಲ್ಲಿ ಫೋಮಿಗೆ ಫೋಮೇ ಅಂಟಬೇಕು.

ಅಂಟನ್ನು ಎರಡೂ ಅಂಚಿಗೆ ತೆಳುವಾಗಿ ಹಚ್ಚಿ, ಬೆರಳಿಗೆ ಹತ್ತದಷ್ಟು ಒಣಗುವವರೆಗೆ ಹತ್ತು-ಹದಿನೈದು ನಿಮಿಷ ಬಿಡಿ, ಆಮೇಲೆ ಒತ್ತಿ. ಹಸಿಯಿದ್ದಾಗಲೇ ಒತ್ತುವ ಆತುರವೇ ಹೆಚ್ಚಿನ ಗೊರಬೆಗಳ ಸಾವು. ಮಳೆಗಾಲದ ತೇವಕ್ಕೆ ಇನ್ನೂ ಹತ್ತು ನಿಮಿಷ ಕೊಡಿ. ಕಿಟಕಿ ತೆರೆದಿರಲಿ, ಒಲೆಯ ಹತ್ತಿರ ಬೇಡ. ತಳಕ್ಕೆ ಎರಡು ಗೋಡೆ, ಮೇಲೆ ಛಾವಣಿ, ಹೊರಗಿನಿಂದ ಪ್ರತಿ ಮೂಲೆಗೂ ಕಪ್ಪು ಟೇಪ್. ಕೊಡೆಕಡ್ಡಿಯನ್ನು 19 ಸೆಂ.ಮೀ.ಗೆ ಕತ್ತರಿಸಿ, ತುದಿಗಳಿಗೆ ಟೇಪ್ ಸುತ್ತಿ, ಛಾವಣಿಯ ಎರಡೂ ಪಕ್ಕದ ಅಂಚಿನಲ್ಲಿ ಉದ್ದಕ್ಕೆ ಟೇಪಿನಿಂದ ಕೂರಿಸಿ. ಇವಿಲ್ಲದಿದ್ದರೆ 2 ಮಿ.ಮೀ. ಫೋಮ್ ನೀರಿನ ಭಾರಕ್ಕೆ ಜೋತುಬಿದ್ದು ಚಿತ್ರದ ಮೇಲಂಚಿನಲ್ಲಿ ಕರಿ ನೆರಳಾಗಿ ಇಣುಕುತ್ತದೆ.

ಮೂತಿಯ ಪಟ್ಟಿಯನ್ನು ಗೊರಬೆಯ ಹಿಂಬಾಯಿಗೆ ಅಂಟಿಸಿ, ತುದಿಗೆ ವೆಲ್ಕ್ರೋ ಹಾಕಿ. ಫ್ಲ್ಯಾಶಿಗೆ ಸುತ್ತಿ ಬಿಗಿಯಬೇಕು. ತಳದ ಮುಂಚೂಣಿ ಲೆನ್ಸಿನ ಮೇಲೆ ಕೂರುತ್ತದೆ. ಅಲ್ಲಿ ಇನ್ನೊಂದು ವೆಲ್ಕ್ರೋ ಪಟ್ಟಿಯನ್ನು ಲೆನ್ಸಿನ ಸುತ್ತ ಕಟ್ಟಬಹುದು, ಆದರೆ ಫೋಕಸ್ ರಿಂಗಿನ ಮೇಲಲ್ಲ. ಫೋಕಸ್ ಮಾಡುವಾಗ ಮೂತಿ ಮುಂದಕ್ಕೆ ಬೆಳೆಯುವ ಹಳೆಯ ಮ್ಯಾಕ್ರೋ ಲೆನ್ಸಾದರೆ ಕಟ್ಟಲೇಬೇಡಿ, ಸುಮ್ಮನೆ ಒರಗಿಸಿ. ಕಟ್ಟಿದರೆ ಫೋಕಸ್ ಮೋಟರು ಎಳೆದಾಡಿ ಸೋಲುತ್ತದೆ.

ಇನ್ನು ಪರದೆಗಳು, ಎರಡು. ಒಳಪರದೆ ಫ್ಲ್ಯಾಶಿನ ಮೂತಿಯಿಂದ 5 ಸೆಂ.ಮೀ. ಮುಂದೆ ಅಡ್ಡಲಾಗಿ ನಿಲ್ಲಬೇಕು. ಇದಕ್ಕೆ ಒಂದು ಪದರ ಪ್ಯಾಕಿಂಗ್ ಫೋಮ್ ಸಾಕು. ನಾಲ್ಕು ಕಡೆ 1 ಸೆಂ.ಮೀ. ಕಿವಿ ಬಿಟ್ಟು ಕತ್ತರಿಸಿ ಗೋಡೆಗೆ ಟೇಪ್ ಮಾಡಿ. ಫ್ಲ್ಯಾಶಿನ ಗಾಜಿಗೆ ತಾಗಿಸಬೇಡಿ: ಪೂರ್ಣ ಶಕ್ತಿಯಲ್ಲಿ ಬಿಡದೆ ಹೊಡೆದರೆ ಅಲ್ಲಿನ ಬಿಸಿಗೆ ಪ್ಲಾಸ್ಟಿಕ್ ಕರಗಿ ಹಿಡಿದುಕೊಳ್ಳಬಹುದು. ಹೊರಪರದೆ ಗೊರಬೆಯ ಕೆಳಬಾಯಿಗೆ: ಮೇಲೆ 20, ಕೆಳಗೆ 13, ಎತ್ತರ 11.7 ಸೆಂ.ಮೀ., ಸುತ್ತ ಒಂದೂವರೆ ಸೆಂ.ಮೀ. ಹೆಚ್ಚು. ಇದನ್ನು ಅಂಟಿಸದೆ ವೆಲ್ಕ್ರೋದಿಂದ ಹಿಡಿಸಿ, ಏಕೆಂದರೆ ಕೆಸರು, ಪಾಚಿ, ಎಲೆಯ ರಸ ಮೊದಲು ಮೆತ್ತಿಕೊಳ್ಳುವುದು ಇದಕ್ಕೇ. ಬಿಗಿಯಾಗಿ ಎಳೆದಿರಲಿ; ಸುಕ್ಕಿದ್ದರೆ ಜೀರುಂಡೆಯ ಬೆನ್ನಿನಲ್ಲಿ ಆ ಸುಕ್ಕೂ ಗೆರೆಯಾಗಿ ಕಾಣುತ್ತದೆ.

ಗುಂಡಿನ ಪರೀಕ್ಷೆ

ತೋಟಕ್ಕೆ ಹೋಗುವ ಮುನ್ನ ಸೈಕಲ್ ಬೇರಿಂಗಿನ ಒಂದು ಗುಂಡು ತಂದು ಕಪ್ಪು ಬಟ್ಟೆಯ ಮೇಲಿಟ್ಟು ಚಿತ್ರ ತೆಗೆಯಿರಿ. ಗುಂಡಿನಲ್ಲಿ ಕಾಣುವುದೇ ಹುಳಕ್ಕೆ ಕಾಣುವ ಬೆಳಕು. ದೊಡ್ಡ, ಮೂಲೆಯವರೆಗೂ ಸಮನಾಗಿ ತುಂಬಿದ ಬಿಳಿ ಆಕಾರ ಕಂಡರೆ ಕೆಲಸ ಗೆದ್ದಿತು. ನಡುವೆ ಕಣ್ಣು ಕುಕ್ಕುವ ಬಿಳಿ, ಸುತ್ತ ಬೂದು ಇದ್ದರೆ ಬೆಳಕು ಹರಡಿಲ್ಲ ಎಂದರ್ಥ. ಪರದೆ ಎಷ್ಟು ದೊಡ್ಡದಿದ್ದರೂ ಕೆಲಸ ಮಾಡುತ್ತಿರುವುದು ಆ ನಡುವಿನ ತುಣುಕು ಮಾತ್ರ. ಆಗ ಫ್ಲ್ಯಾಶಿನ ಜೂಮನ್ನು ಅತಿ ಅಗಲಕ್ಕೆ ಇಡಿ, ಮೂತಿಯಲ್ಲಿ ಎಳೆದು ಇಳಿಸುವ ಅಗಲ-ಫಲಕವಿದ್ದರೆ ಅದನ್ನೂ ಇಳಿಸಿ. ಆದರೂ ಉಳಿದರೆ ಒಳಪರದೆಯ ನಡುವೆ 4 ಸೆಂ.ಮೀ. ಚೌಕದ ಅದೇ ಫೋಮಿನ ತೇಪೆ ಹಚ್ಚಿ. ಇಡೀ ಪರದೆಗೆ ಮತ್ತೊಂದು ಪದರ ಹಾಕುವುದಕ್ಕಿಂತ ಈ ತೇಪೆ ಮೇಲು: ಪದರ ಎಲ್ಲ ಕಡೆ ಬೆಳಕು ತಿನ್ನುತ್ತದೆ, ತೇಪೆ ಹೆಚ್ಚಾದ ಕಡೆ ಮಾತ್ರ.

ಬೆಳಕು ಒಂದು ಪಕ್ಕಕ್ಕೆ ವಾಲಿದ್ದರೆ ಮೂತಿಪಟ್ಟಿ ಓರೆಯಾಗಿದೆ. ಮೇಲರ್ಧ ಮಾತ್ರ ಬೆಳಗಿದರೆ ತಳದ ಫಾಯಿಲ್ ಬಿಟ್ಟಿದೆ, ಇಲ್ಲವೇ ಒಳಪರದೆ ಹಿಂದಕ್ಕೆ ವಾಲಿದೆ. ಗುಂಡು ಸಿಗದಿದ್ದರೆ ಚಮಚದ ಬೆನ್ನೂ ಆದೀತು. ಹಣ್ಣಾದ ಕಾಫಿ ಕಾಯಿ ತೋಟದಲ್ಲೇ ಸಿಗುವ ಪರೀಕ್ಷಾ ಗುಂಡು.

ಬಣ್ಣವನ್ನೂ ಆಗಲೇ ನೋಡಿಕೊಳ್ಳಿ. ಬಿಳಿ ಕಾಗದದ ಚಿತ್ರ ತೆಗೆದು ಬಿಳಿ ಬಿಳಿಯಾಗಿಯೇ ಕಾಣುವಂತೆ ಕಸ್ಟಮ್ ವೈಟ್ ಬ್ಯಾಲೆನ್ಸ್ ಕೂರಿಸಿ. ಎರಡು ಪರದೆಗೆ ಎರಡು ಬಗೆಯ ವಸ್ತು ಬಳಸಿದಾಗ, ಮುಖ್ಯವಾಗಿ ಹಾಲುಬಣ್ಣದ ಪ್ಲಾಸ್ಟಿಕ್ ಫೈಲ್ ಹಾಕಿದಾಗ, ನೀಲಿಯೋ ಹಳದಿಯೋ ಛಾಯೆ ಬರುವುದುಂಟು.

ಕ್ಯಾಮೆರಾ ಹೊಂದಿಕೆ

ಕ್ಯಾಮೆರಾ ಮ್ಯಾನುಯಲ್, ಫ್ಲ್ಯಾಶೂ ಮ್ಯಾನುಯಲ್. ಹುಳದಿಂದ ಪರದೆಗೆ ದೂರ ಹೆಚ್ಚುಕಡಿಮೆ ಒಂದೇ ಇರುವುದರಿಂದ ಒಮ್ಮೆ ಕೂರಿಸಿದ ಶಕ್ತಿ ದಿನವಿಡೀ ನಡೆಯುತ್ತದೆ. ಲೆನ್ಸಿನ ಮೂಲಕ ಬೆಳಕು ಅಳೆದು ಫ್ಲ್ಯಾಶ್ ಶಕ್ತಿಯನ್ನು ತಾನೇ ನಿರ್ಧರಿಸುವ ಟಿಟಿಎಲ್ ವ್ಯವಸ್ಥೆ ಒಂದು ಹೊಳೆಯುವ ಹನಿ ಕಂಡರೂ ಮೋಸಹೋಗುತ್ತದೆ. ಶಟರ್ 1/160 ಅಥವಾ 1/200 ಸೆಕೆಂಡ್, ಲೆನ್ಸಿನ ಕಿಂಡಿ (ಅಪರ್ಚರ್) ಎಫ್/8ರಿಂದ ಎಫ್/11, ಬೆಳಕಿನ ಸೂಕ್ಷ್ಮತೆ ಐಎಸ್ಒ 200, ಫ್ಲ್ಯಾಶ್ ಶಕ್ತಿ 1/16. ಇಲ್ಲಿಂದ ಹೆಚ್ಚು-ಕಡಿಮೆ ಮಾಡಿಕೊಳ್ಳಿ. ಎಫ್/16ಕ್ಕೆ ಹೋಗುವ ಆಸೆ ತಡೆಯಿರಿ: 1:1ರಲ್ಲಿ ಎಫ್/8 ಎಂದು ಇಟ್ಟದ್ದು ಬೆಳಕಿನ ಲೆಕ್ಕದಲ್ಲಿ ಎಫ್/16ರಷ್ಟೇ ಆಗುತ್ತದೆ, ಎಫ್/16 ಇಟ್ಟರೆ ಎಫ್/32. ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಬಾಗಿ ಚಿತ್ರವೆಲ್ಲ ಮೆತ್ತಗಾಗುತ್ತದೆ.

ಎರಡು ಪರದೆ, ಫಾಯಿಲ್ ಎಲ್ಲ ಸೇರಿ ಸುಮಾರು ಎರಡು ಸ್ಟಾಪ್, ಅಂದರೆ ನಾಲ್ಕರಲ್ಲಿ ಮೂರು ಪಾಲು, ಬೆಳಕು ತಿನ್ನುತ್ತವೆ. ಅದಕ್ಕಾಗಿ ಫ್ಲ್ಯಾಶ್ ಶಕ್ತಿಯನ್ನು 1/4ಕ್ಕಿಂತ ಮೇಲೇರಿಸುವ ಬದಲು ಐಎಸ್ಒ 400 ಮಾಡುವುದು ಒಳ್ಳೆಯದು. ಕಡಿಮೆ ಶಕ್ತಿಯಲ್ಲಿ ಫ್ಲ್ಯಾಶಿನ ಮಿಂಚು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಕೈ ನಡುಗಿದರೂ, ಗಾಳಿಗೆ ಎಲೆ ಆಡಿದರೂ ಚಿತ್ರವನ್ನು ಕಟ್ಟಿಹಾಕುವುದು ಶಟರಲ್ಲ, ಆ ಮಿಂಚು. ಪೂರ್ಣ ಶಕ್ತಿಯಲ್ಲಿ ಅದೇ ಮಿಂಚು ಹಲವು ಪಟ್ಟು ಉದ್ದ. ಒಂದೇ ಮಿಂಚಿನ ಬದಲು ಶಟರ್ ಚಲಿಸುವಷ್ಟು ಹೊತ್ತೂ ಫ್ಲ್ಯಾಶನ್ನು ಉರಿಸುವ ಹೈಸ್ಪೀಡ್ ಸಿಂಕ್ ಆಫ್ ಇರಲಿ, ಅದು ಈ ಲಾಭವನ್ನೇ ಕಳೆಯುತ್ತದೆ.

ಮೊದಲ ದಿನವೇ ಎದುರಾಗುವ ದೂರು ಹಿನ್ನೆಲೆ ಕಪ್ಪಾಗುವುದು. ಪರದೆಯಿಂದ ಹುಳ 10 ಸೆಂ.ಮೀ. ದೂರದಲ್ಲಿ, ಹಿಂದಿನ ಗಿಡ 40 ಸೆಂ.ಮೀ. ದೂರದಲ್ಲಿ ಇದ್ದರೆ ಗಿಡಕ್ಕೆ ಬೀಳುವುದು ಸುಮಾರು ಹದಿನಾರನೇ ಒಂದು ಪಾಲು ಬೆಳಕು. ಡಿಫ್ಯೂಸರಿನ ತಪ್ಪಲ್ಲ, ಹತ್ತಿರದ ಬೆಳಕಿನ ಗುಣವೇ ಅದು. ಹುಳದ ಹಿಂದೆ ನಾಲ್ಕೈದು ಸೆಂ.ಮೀ. ಅಂತರದಲ್ಲಿ ಒಂದು ಎಲೆ ಬರುವಂತೆ ನೀವು ಕೋನ ಬದಲಿಸಿ. ಹಗಲಾದರೆ ಶಟರನ್ನು 1/60ಕ್ಕೆ ಇಳಿಸಿ ಐಎಸ್ಒ 800ಕ್ಕೆ ಏರಿಸಿ, ಐಎಸ್ಒ ಏರಿಸಿದಷ್ಟೇ ಫ್ಲ್ಯಾಶ್ ಶಕ್ತಿ ತಗ್ಗಿಸಿ. ತೋಟದ ಹಸಿರು ತಾನಾಗಿ ಒಳಗೆ ಬರುತ್ತದೆ.

ಎರಡನೆಯ ದೂರು ಹೊಟ್ಟೆಯಡಿಯ ನೆರಳು. ಬೆಳಕೆಲ್ಲ ಮೇಲಿನಿಂದ ಬರುವುದರಿಂದ ಜೇಡದ ಕಾಲು, ಕಪ್ಪೆಯ ಗಂಟಲು ಕತ್ತಲು. ಲೆನ್ಸಿನ ಕೆಳಗೆ 10 x 8 ಸೆಂ.ಮೀ. ಬಿಳಿ ಫೋಮ್ ತುಂಡನ್ನು ನಾಲಿಗೆಯಂತೆ ಮುಂದಕ್ಕೆ ಚಾಚಿ ವೆಲ್ಕ್ರೋ ಮಾಡಿದರೆ ಸಾಕು. ಇಲ್ಲಿ ಫಾಯಿಲ್ ಬೇಡ. ಹೊಳಪಿನಲ್ಲಿ ಎರಡನೆಯ ಸೂರ್ಯ ಕಾಣಿಸುತ್ತದೆ.

ಬೇರೆ ಫ್ಲ್ಯಾಶ್ ಇಲ್ಲದೆ ಕ್ಯಾಮೆರಾದಲ್ಲೇ ಏಳುವ ಪುಟ್ಟ ಫ್ಲ್ಯಾಶ್ ಮಾತ್ರ ಇದ್ದವರಿಗೆ ಇಷ್ಟೆಲ್ಲ ರಗಳೆ ಬೇಡ. ಎ4 ಅಳತೆಯ ಹಾಲುಬಣ್ಣದ ಪ್ಲಾಸ್ಟಿಕ್ ಫೈಲಿನ ಒಂದು ಹಾಳೆಯಲ್ಲಿ, ಕೆಳ ಅಂಚಿಗೆ ಹತ್ತಿರವಾಗಿ, ಲೆನ್ಸಿನ ಅಳತೆಗೆ ಸುತ್ತಿನ ತೂತು ಕೊರೆದು ಲೆನ್ಸಿನ ತುದಿಗೆ ತೂರಿಸಿ. ಮೇಲರ್ಧ ಮುಂದಕ್ಕೆ ತುಸು ಬಾಗಿರಲಿ. ಶಕ್ತಿ ಕಡಿಮೆ, ಐಎಸ್ಒ ಏರಿಸಬೇಕು, ಆದರೂ ಬರೀ ಫ್ಲ್ಯಾಶಿಗಿಂತ ಎಷ್ಟೋ ವಾಸಿ.

ಮಳೆಯಲ್ಲಿ, ರಾತ್ರಿಯಲ್ಲಿ

ಗೊರಬೆ ಲೆನ್ಸಿಗೆ ಸೂರಾಗುತ್ತದೆ, ಫ್ಲ್ಯಾಶಿಗಲ್ಲ. ಫ್ಲ್ಯಾಶಿನ ಕಾಲು ಕ್ಯಾಮೆರಾಕ್ಕೆ ಕೂರುವ ಜಾಗಕ್ಕೆ ನೀರು ಇಳಿದರೆ ತಾನಾಗಿ ಹೊಡೆಯುವುದು, ಹೊಡೆಯದೇ ಇರುವುದು ಎರಡೂ ಆಗುತ್ತದೆ; ಅದನ್ನು ಪ್ಲಾಸ್ಟಿಕ್ ಚೀಲದಿಂದ ಮುಚ್ಚಿ ರಬ್ಬರ್ ಬ್ಯಾಂಡ್ ಹಾಕಿ. ನೆನೆದ ಫ್ಲ್ಯಾಶನ್ನು ಬಿಚ್ಚಿ ಒಣಗಿಸುವ ಸಾಹಸ ಬೇಡವೇ ಬೇಡ. ಒಳಗಿನ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ, ಬ್ಯಾಟರಿ ತೆಗೆದ ಮೇಲೂ ಉಳಿದಿರುತ್ತದೆ.

ಡೀಟ್ (DEET) ಎಂಬ ರಾಸಾಯನಿಕವಿರುವ ಸೊಳ್ಳೆ ಮುಲಾಮು ಹಚ್ಚಿದ ಕೈಯಲ್ಲಿ ಕ್ಯಾಮೆರಾ ಹಿಡಿಯಬೇಡಿ, ಅದು ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಕಪ್ಪೆಯ ತೆಳು ಚರ್ಮಕ್ಕಂತೂ ವಿಷ. ಇಂಬಳದ (ಜಿಗಣೆಯ) ಕಾಟಕ್ಕೆ ಇಲ್ಲಿ ಪರಿಹಾರವಿಲ್ಲ. ಉದ್ದ ಕಾಲುಚೀಲವೇ ಗತಿ.

ಜೂನ್-ಜುಲೈ ರಾತ್ರಿಗಳಲ್ಲಿ ಕಾಫಿ ಗಿಡದ ಮೇಲೆ ಕೂಗುವ ಪೊದೆಗಪ್ಪೆಗಳಿಗೆ ಈ ಬೆಳಕು ಚೆನ್ನಾಗಿ ಹೊಂದುತ್ತದೆ. ಫೋಕಸಿಗೆ ಹಿಡಿಯುವ ಟಾರ್ಚಿಗೂ ಪ್ಯಾಕಿಂಗ್ ಫೋಮಿನ ಒಂದು ಪದರ ಕಟ್ಟಿ, ಐದಾರು ಚಿತ್ರ ತೆಗೆದು ಕಪ್ಪೆಯನ್ನು ಅದರ ಪಾಡಿಗೆ ಬಿಡಿ. ಗೊರಬೆಯ ತುದಿ ಎಲೆಗೆ ತಗುಲುತ್ತದೆಂದು ಎಲೆ ಕೀಳುವವರಿದ್ದಾರೆ. ನೀರಿನ ಮೇಲೆ ಬಾಗಿದ ಕೊಂಬೆಗೆ ಹಾರುಗಪ್ಪೆ ನೊರೆಗೂಡು ಕಟ್ಟಿರುವ ಕಾಲವದು, ಕೊಂಬೆಯ ಬದಲು ನೀವೇ ಸರಿಯಿರಿ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ವನ್ಯಧಾಮಗಳಿಗೆ, ನಾಗರಹೊಳೆಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗುವಂತಿಲ್ಲ. ಮನೆಯ ಹಿತ್ತಲಿನ ಮೆಣಸಿನ ಬಳ್ಳಿಯಲ್ಲೇ ಒಂದು ಮಳೆಗಾಲಕ್ಕಾಗುವಷ್ಟು ಹುಳಗಳಿರುತ್ತವೆ.

ಮನೆಗೆ ಬಂದ ಮೇಲೆ ಹೊರಪರದೆ ಕಿತ್ತು ಸೋಪುನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಗೊರಬೆಯನ್ನು ಕ್ಯಾಮೆರಾ ಚೀಲದೊಳಗೆ ಒದ್ದೆಯಾಗಿ ತುರುಕಬೇಡಿ. ಅದರ ತೇವವೇ ಲೆನ್ಸಿಗೆ ಬೂಷ್ಟು ಹಿಡಿಸುತ್ತದೆ. ಫಾಯಿಲ್ ಒಂದೆರಡು ಮಳೆಗಾಲಕ್ಕೆ ಮಂಕಾಗಿ ಅಲ್ಲಲ್ಲಿ ಹರಿಯುತ್ತದೆ, ಹರಿದಲ್ಲಿ ಮೇಲಿನಿಂದಲೇ ಹೊಸದನ್ನು ಅಂಟಿಸಿ, ಬೇರಿಂಗಿನ ಗುಂಡಿನ ಚಿತ್ರ ಮತ್ತೊಮ್ಮೆ ತೆಗೆದು ನೋಡಿ.